2017ರ ಪಿಸಿ, ವಿಂಡೋಸ್ 10 ಮುಗಿಯಿತು: ಇದನ್ನೇ ಸರಿ ಮಾಡಿಸಲಾ, ಹೊಸದು ಕೊಳ್ಳಲಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ಮನೆಯ ಪಿಸಿ 2017ರಲ್ಲಿ ಕಟ್ಟಿಸಿದ್ದು. ಪ್ರೊಸೆಸರ್ ಇಂಟೆಲ್ ಏಳನೇ ಪೀಳಿಗೆಯ ಐ5-7400, ಎಚ್110 ಬೋರ್ಡ್, 8 ಜಿಬಿ ಡಿಡಿಆರ್4 ರ‍್ಯಾಮ್ (ಒಂದೇ ಸ್ಟಿಕ್), ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1050 ಟಿಐ, 1 ಟಿಬಿ ಹಾರ್ಡ್ ಡಿಸ್ಕ್. ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಕೊಡುವ ಡಬ್ಬಿ) ಕ್ಯಾಬಿನೆಟ್ ಜೊತೆಗೇ ಬಂದದ್ದು, ಮೇಲೆ 450 ವ್ಯಾಟ್ ಅಂತ ಬರೆದಿದೆ. ನಾನು ಸಂಜೆ ಕೆಲಸ ಮುಗಿದ ಮೇಲೆ ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಆಡುತ್ತೇನೆ. ತಮ್ಮ ಇಂಜಿನಿಯರಿಂಗ್ ಎರಡನೇ ವರ್ಷ, ಅವನಿಗೆ ಕೋಡಿಂಗ್, ಸ್ವಲ್ಪ ವಿಡಿಯೋ ಎಡಿಟಿಂಗ್. ಅಪ್ಪ ಅಡಿಕೆ ರೇಟು ನೋಡುತ್ತಾರೆ, ಬ್ಯಾಂಕ್ ಕೆಲಸವನ್ನೂ ಇದರಲ್ಲೇ ಮಾಡುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಈ ಪ್ರೊಸೆಸರ್ ಆಗಲ್ಲ ಅನ್ನುತ್ತದೆ. ಅದೇ ಹೊತ್ತಿಗೆ ಎನ್‌ವಿಡಿಯಾದವರೂ 1050 ಟಿಐ ಇರುವ ಇಡೀ ಪ್ಯಾಸ್ಕಲ್ ಪೀಳಿಗೆಗೆ ಹೊಸ ಗೇಮ್ ಡ್ರೈವರ್ ನಿಲ್ಲಿಸಿದರು. ಮಷಿನ್ ಮಾತ್ರ ಒಂದು ದಿನವೂ ಕೈ ಕೊಟ್ಟಿಲ್ಲ. ಊರಿನ ಅಂಗಡಿಯವರು 'ಎಲ್ಲಾ ತೆಗೆದು ಬಿಸಾಕಿ, 75 ಸಾವಿರ ಆಗುತ್ತೆ' ಅಂದರು. ನನ್ನ ಹತ್ತಿರ ಇರೋದು 40 ಸಾವಿರ. ಓಡುತ್ತಿರುವ ವಸ್ತುವನ್ನು ಯಾಕೆ ಬಿಸಾಕಬೇಕು ಅನ್ನೋದೇ ನನಗೆ ಅರ್ಥವಾಗುತ್ತಿಲ್ಲ.

ಎಸ್‌ಪಿರೋಡ್_ಸುತ್ತಾಟ
75 ಸಾವಿರ ಕೊಡಬೇಡಿ. ಕ್ಯಾಬಿನೆಟ್, ಮಾನಿಟರ್, ಕೀಬೋರ್ಡ್, ರ‍್ಯಾಮ್ ಎಲ್ಲಾ ಉಳಿಯುತ್ತವೆ. ಬದಲಾಯಿಸಬೇಕಾದ್ದು ಕೆಲವೇ.

ಹುಬ್ಳಿ_ಗೇಮರ್
ಮೊದಲು ಆ ಹಾರ್ಡ್ ಡಿಸ್ಕ್‌ನಿಂದ ವಿಂಡೋಸ್ ಕಿತ್ತು ಎಸ್‌ಎಸ್‌ಡಿಗೆ ಹಾಕ್ರಿ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು, ನೂರೈವತ್ತು ಎಂಬಿ ಓದಿದರೆ ಹೆಚ್ಚು. ಸಾಟಾ ಎಸ್‌ಎಸ್‌ಡಿ 500 ದಾಟುತ್ತದೆ. ಸಣ್ಣ ಸಣ್ಣ ಫೈಲ್ ಹುಡುಕುವಾಗ ಅಂತರ ಇನ್ನೂ ಜಾಸ್ತಿ. ಎಷ್ಟೋ ಮಂದಿ 'ಪಿಸಿ ಮುದಿ ಆತು' ಅಂತಾರಲ್ಲ, ಮುದಿ ಆಗಿರೋದು ಡಿಸ್ಕ್ ರೀ.

ತುಂಗಾತೀರ
ಸರಿ, ಎಸ್‌ಎಸ್‌ಡಿ ಹಾಕಬಹುದು. ಆದರೆ ವಿಂಡೋಸ್ ಕಥೆ ಏನು?

ಹಳೇ_ಬೋರ್ಡು
ನನಗೆ ಸಿಟ್ಟು ಬರೋದೇ ಅಲ್ಲಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು ಅಂದರು. ಇಂಟೆಲ್‌ನ ಆರು, ಏಳನೇ ಪೀಳಿಗೆಯಲ್ಲಿ ಪಿಟಿಟಿ ಅಂತ ಇದೆ, ಬಯೋಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ಸ್) ಆನ್ ಮಾಡಿದರೆ ಅದೇ ಟಿಪಿಎಂ 2.0 ಆಗಿ ಕೆಲಸ ಮಾಡುತ್ತದೆ. ಗುರುತಿಲ್ಲದ ಸಾಫ್ಟ್‌ವೇರ್ ವಿಂಡೋಸ್‌ಗಿಂತ ಮೊದಲೇ ಏಳದಂತೆ ತಡೆಯುವ ಸೆಕ್ಯೂರ್ ಬೂಟ್ ಕೂಡ ಇದೆ. ಆದರೂ ಮೈಕ್ರೋಸಾಫ್ಟ್ ಒಪ್ಪುವ ಇಂಟೆಲ್ ಪ್ರೊಸೆಸರ್‌ಗಳ ಪಟ್ಟಿ ಶುರುವಾಗೋದು ಎಂಟನೇ ಪೀಳಿಗೆಯಿಂದ. ಏಳನೆಯದರಲ್ಲಿ ಕೋರ್ ಎಕ್ಸ್ ಸರಣಿ ಬಿಟ್ಟರೆ ಐ7-7820ಎಚ್‌ಕ್ಯು ಮಾತ್ರ ಆಮೇಲೆ ಒಳಗೆ ಬಂತು. ಅದು ಯಾವ ಮಷಿನ್‌ನಲ್ಲಿ ಇತ್ತು ಗೊತ್ತಾ? ಮೈಕ್ರೋಸಾಫ್ಟ್ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2ರಲ್ಲಿ. ಅದೇ ಪೀಳಿಗೆಯ ಪ್ರೊಸೆಸರ್ ಇರುವ ಈ ಹುಡುಗನ ಮನೆಯ ಪಿಸಿ ಯಾಕೆ ಹೊರಗೆ? ಇದಕ್ಕೆ ಹಾರ್ಡ್‌ವೇರ್ ಕಾರಣ ಅಂತ ನನಗೆ ಯಾರೂ ಹೇಳಬೇಡಿ.

ಸೈಬರ್_ಕಾವಲು
@ಹಳೇ_ಬೋರ್ಡು ಪಟ್ಟಿಯಲ್ಲಿ ತಾರತಮ್ಯ ಇದೆ, ಒಪ್ಪುತ್ತೇನೆ. ಆದರೆ ಟಿಪಿಎಂ, ಸೆಕ್ಯೂರ್ ಬೂಟ್ ಸುಮ್ನೆ ತಂದದ್ದಲ್ಲ. ವಿಂಡೋಸ್ ಏಳುವ ಮೊದಲೇ ಒಳಗೆ ಕೂರುವ ಮಾಲ್‌ವೇರ್ ಇದೆ, ಅದಕ್ಕೆ ಆಂಟಿವೈರಸ್ ಏನೂ ಮಾಡಕ್ಕಾಗಲ್ಲ. ಇವರ ಅಪ್ಪ ಅದೇ ಮಷಿನ್‌ನಲ್ಲಿ ಬ್ಯಾಂಕ್ ಕೆಲಸ ಮಾಡುತ್ತಾರೆ. ಅದನ್ನು ಮರೆತು ಕಂಪನಿ ಮೇಲೆ ಸಿಟ್ಟು ಮಾಡಿಕೊಂಡರೆ ಆಗಲ್ಲ.

ಹಳೇ_ಬೋರ್ಡು
ಭದ್ರತೆ ಬೇಡ ಅಂದೆನಾ? ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದವರು ಯಾರು ಅಂತ ಕೇಳಿದೆ ಅಷ್ಟೇ.

ಸೈಬರ್_ಕಾವಲು
ಪೂರ್ತಿ ನಿಲ್ಲಿಸಿಲ್ಲ. ಮನೆ ಬಳಕೆಯವರಿಗೂ ಇಎಸ್‌ಯು ಅಂತ ಒಂದು ವರ್ಷದ ಹೆಚ್ಚುವರಿ ಸೆಕ್ಯೂರಿಟಿ ಅಪ್‌ಡೇಟ್ ಇಟ್ಟಿದ್ದಾರೆ, 2026ರ ಅಕ್ಟೋಬರ್ 13ರವರೆಗೆ. 30 ಡಾಲರ್ ಕಟ್ಟಬಹುದು, ಇಲ್ಲವೇ 1000 ರಿವಾರ್ಡ್ಸ್ ಪಾಯಿಂಟ್ ಕೊಡಬಹುದು. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆಗಿ ಪಿಸಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡೇ ಬೇಡ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದರೆ ನೋಂದಣಿಯ ಲಿಂಕ್ ಅಲ್ಲೇ ಕಾಣುತ್ತದೆ. @ತುಂಗಾತೀರ ಬೇರೆ ಏನು ಮಾಡಿದರೂ ಇದನ್ನು ಇವತ್ತೇ ಮಾಡಿ. ಅವಸರದಲ್ಲಿ ಕೊಳ್ಳುವ ಕಾಟ ತಪ್ಪುತ್ತದೆ.

ತುಂಗಾತೀರ
ಇದು ನನಗೆ ಗೊತ್ತೇ ಇರಲಿಲ್ಲ! ಅಂಗಡಿಯವರೂ ಹೇಳಲಿಲ್ಲ.

ಹುಬ್ಳಿ_ಗೇಮರ್
ಅಂಗಡಿಯವರು ಯಾಕೆ ಹೇಳ್ತಾರ್ರಿ.

ಪೆಂಗ್ವಿನ್_ಪಾಂಡು
ವಿಂಡೋಸ್ ಬಿಡಿ, ಲಿನಕ್ಸ್ ಹಾಕಿ. ನಿಜವಾಗಿ ಹೇಳುತ್ತಿದ್ದೇನೆ. ಸ್ಟೀಮ್ ಅನ್ನುವ ಆಟದ ಅಂಗಡಿ ನಡೆಸುವ ವಾಲ್ವ್‌ನವರು 2018ರಲ್ಲಿ ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ತಂದ ಮೇಲೆ ಸ್ಟೀಮ್‌ನ ಬಹುಪಾಲು ಆಟಗಳು ಲಿನಕ್ಸ್‌ನಲ್ಲಿ ಓಡುತ್ತವೆ. ಸ್ಟೀಮ್ ಸರ್ವೆಯಲ್ಲೇ ಲಿನಕ್ಸ್ ಪಾಲು 2025ರ ಅಕ್ಟೋಬರ್‌ನಲ್ಲಿ 3% ದಾಟಿತು. ಕನ್ನಡ ಟೈಪ್ ಮಾಡುವವರಿಗೂ ತೊಂದರೆ ಇಲ್ಲ, ಕಗಪ ಕೀಲಿಮಣೆ ಮೊದಲೇ ಒಳಗಿರುತ್ತದೆ, ಆರಿಸಿಕೊಂಡರೆ ಸಾಕು. ಲೈಸೆನ್ಸ್ ಇಲ್ಲ, ಪಟ್ಟಿ ಇಲ್ಲ, ಇಂಥ ಪ್ರೊಸೆಸರ್ ಬೇಕು ಅನ್ನುವ ಹಟ ಇಲ್ಲ.

ಏಸ್_ಕ್ಲಚ್
ವ್ಯಾಲೊರಂಟ್ ಓಡಲ್ಲ ಅಣ್ಣ. ಅದರ ಆಂಟಿಚೀಟ್ (ಮೋಸ ತಡೆಯುವ ಸಾಫ್ಟ್‌ವೇರ್) ವ್ಯಾನ್‌ಗಾರ್ಡ್ ಲಿನಕ್ಸ್‌ನಲ್ಲಿ ಇಲ್ಲವೇ ಇಲ್ಲ. ಫೋರ್ಟ್‌ನೈಟ್, ಬ್ಯಾಟಲ್‌ಫೀಲ್ಡ್ 6 ಕೂಡ ಆಡಕ್ಕಾಗಲ್ಲ. ಅವರು ದಿನಾ ಆಡೋ ಆಟವೇ ಇಲ್ಲದ ಮೇಲೆ ಏನು ಪ್ರಯೋಜನ?

ಪೆಂಗ್ವಿನ್_ಪಾಂಡು
ಕೌಂಟರ್ ಸ್ಟ್ರೈಕ್ 2 ಓಡುತ್ತದಲ್ಲ. ಡೋಟಾ 2 ಕೂಡ. ಒಂದು ಆಟಕ್ಕೋಸ್ಕರ ಕರ್ನಲ್ ಮಟ್ಟದಲ್ಲಿ, ಅಂದರೆ ವಿಂಡೋಸ್‌ನ ಒಳತಿರುಳಲ್ಲೇ, ಕೂರುವ ಸಾಫ್ಟ್‌ವೇರ್ ಅನ್ನು ಅಪ್ಪನ ಬ್ಯಾಂಕ್ ಕೆಲಸದ ಮಷಿನ್‌ಗೆ ಹಾಕುವುದು ಸರಿಯಾ, ಅದನ್ನೂ ಯೋಚಿಸಿ.

ಏಸ್_ಕ್ಲಚ್
ಚೀಟ್ ಹಾಕುವವರು ಗೋಡೆಯಾಚೆಯಿಂದ ತಲೆಗೆ ಹೊಡೆದಾಗ ಗೊತ್ತಾಗುತ್ತದೆ ಅದು ಯಾಕೆ ಬೇಕು ಅಂತ. ನಾನು ಕಾಲೇಜ್ ಟೂರ್ನಮೆಂಟ್ ಆಡುವವನು. ಆಂಟಿಚೀಟ್ ಇಲ್ಲದ ಸರ್ವರ್‌ನಲ್ಲಿ ಅರ್ಧ ಗಂಟೆ ಆಡಿ ನೋಡಿ.

ಇನ್ನೊಂದು ವಿಷಯ. ರೂಫಸ್ ಅನ್ನುವ ಟೂಲ್ ಬಳಸಿ, ಚೆಕ್ ತಪ್ಪಿಸಿ ವಿಂಡೋಸ್ 11 ಹಾಕಿ ಅಂತ ಯಾರಾದರೂ ಈಗ ಹೇಳುತ್ತಾರೆ. ಹಾಗೆ ಹಾಕಿ ಟಿಪಿಎಂ ಆಫ್ ಇದ್ದರೆ ವ್ಯಾಲೊರಂಟ್ ತೆರೆಯಲ್ಲ, ವ್ಯಾನ್ 9001 ಅಂತ ಎರರ್ ಬರುತ್ತದೆ. ಸೆಕ್ಯೂರ್ ಬೂಟ್ ಆಫ್ ಇದ್ದರೆ ವ್ಯಾನ್ 9003. ವಿಂಡೋಸ್ 11ರಲ್ಲಿ ಎರಡೂ ಆನ್ ಇರಲೇಬೇಕು. 10ರಲ್ಲಿ ಈ ಕಾಟ ಇಲ್ಲ.

ಹಳೇ_ಬೋರ್ಡು
ಪಿಟಿಟಿ ಆನ್ ಮಾಡಿದರೆ ಆಯಿತು. ಮೇಲೆ ಅದನ್ನೇ ಹೇಳಿದ್ದು.

ಸೈಬರ್_ಕಾವಲು
ಪಿಟಿಟಿ ಆನ್ ಮಾಡಬಹುದು, ಆದರೆ ಸೆಕ್ಯೂರ್ ಬೂಟ್‌ಗೆ ಡಿಸ್ಕ್ ಜಿಪಿಟಿ ಅನ್ನುವ ಹೊಸ ವಿಧಾನದಲ್ಲಿ ಭಾಗ ಆಗಿರಬೇಕು. ತುಂಬಾ ಮನೆಗಳಲ್ಲಿ ಅಂಗಡಿಯವರು ಎಂಬಿಆರ್ ಅನ್ನುವ ಹಳೆ ವಿಧಾನದಲ್ಲಿ ಹಾಕಿಕೊಟ್ಟಿರುತ್ತಾರೆ. ಅದನ್ನು ನೋಡದೆ ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆ ರೀತಿಯ ಬೂಟ್) ಆಫ್ ಮಾಡಿದರೆ ವಿಂಡೋಸ್ ಏಳಲ್ಲ. ಎಂಬಿಆರ್2ಜಿಪಿಟಿ ಅನ್ನುವ ಟೂಲ್ ವಿಂಡೋಸ್ ಒಳಗೇ ಇದೆ. ಮೊದಲು ಬ್ಯಾಕಪ್, ಆಮೇಲೆ ಅದು. ಇನ್ನು, ಪಟ್ಟಿಯಲ್ಲಿ ಇಲ್ಲದ ಪ್ರೊಸೆಸರ್‌ಗೆ ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಭರವಸೆ ಮೈಕ್ರೋಸಾಫ್ಟ್ ಕೊಟ್ಟಿಲ್ಲ.

ರಾಗಿಮುದ್ದೆ_ರೈಜನ್
ಎಲ್ಲರೂ ವಿಂಡೋಸ್ ಹಿಡಿದು ಜಗ್ಗುತ್ತಿದ್ದೀರಿ. ಹಾರ್ಡ್‌ವೇರ್ ಮಾತು ನಾನು ಹೇಳುತ್ತೇನೆ.

7400 ಅಂದರೆ ನಾಲ್ಕು ಕೋರ್, ನಾಲ್ಕು ಥ್ರೆಡ್. ಈ ಎರಡೂ ಆಟಗಳು ಪ್ರೊಸೆಸರ್ ತಿನ್ನುವಂಥವು. ಇದೇ ಬೋರ್ಡ್‌ಗೆ ಎಷ್ಟೇ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಹೊಗೆ ಬಾಂಬ್ ಬಿದ್ದು ನಾಲ್ಕು ಜನ ಒಟ್ಟಿಗೆ ಬಂದಾಗ ಆಟ ತಡವರಿಸುತ್ತದೆ. ಎಚ್110 ಏಳನೇ ಪೀಳಿಗೆಗೇ ನಿಲ್ಲುತ್ತದೆ, ಮೇಲೆ ಹೋಗಲು ದಾರಿ ಇಲ್ಲ. ಎಂಟನೇ ಪೀಳಿಗೆಗೂ ಸಾಕೆಟ್ ಹೆಸರು ಅದೇ 1151, ಪಿನ್ ಎಣಿಕೆಯೂ ಅದೇ. ಆದರೂ ಇಂಟೆಲ್ 2017ರಲ್ಲಿ ಹೊಸ ಬೋರ್ಡೇ ಬೇಕು ಅಂತ ಮಾಡಿತು.

ಎಎಂಡಿ ನೋಡಿ. 2017ರಲ್ಲಿ ಬಿ350 ಬೋರ್ಡ್ ತಗೊಂಡವರು ಬಯೋಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡ್‌ಗೆ 2022ರ 5800ಎಕ್ಸ್3ಡಿ ಪ್ರೊಸೆಸರ್ ಕೂರಿಸಿದರು. ಐದು ವರ್ಷದ ಅಂತರ! ಹಾಗಾಗಿ ನನ್ನ ಮಾತು: ರೈಜನ್ 5 5600, ಒಂದು ಬಿ450 ಇಲ್ಲವೇ ಬಿ550 ಬೋರ್ಡ್. ನಿಮ್ಮ ಡಿಡಿಆರ್4 ಸ್ಟಿಕ್ ಅದರಲ್ಲೇ ಕೂರುತ್ತದೆ. 1050 ಟಿಐ ಸದ್ಯಕ್ಕೆ ಇರಲಿ.

ಇಂಟೆಲ್_ಈರಣ್ಣ
ಐ5-12400ಎಫ್ ಯಾಕೆ ಬೇಡ? ಆರು ಕೋರ್, ಹನ್ನೆರಡು ಥ್ರೆಡ್, ಡಿಡಿಆರ್4 ತಗೊಳ್ಳುವ ಎಚ್610 ಬೋರ್ಡ್ ಬೇಕಾದಷ್ಟು ಸಿಗುತ್ತವೆ. 5600 ಕೂರುವ ಎಎಂಡಿಯ ಎಎಂ4 ಸಾಕೆಟ್ ಮುಗಿದ ವೇದಿಕೆ. ಅದರಲ್ಲೂ ಮುಂದೆ ದಾರಿ ಇಲ್ಲ.

ರಾಗಿಮುದ್ದೆ_ರೈಜನ್
ಇಂಟೆಲ್ 13, 14ನೇ ಪೀಳಿಗೆ ಪ್ರೊಸೆಸರ್‌ಗಳು ಕ್ರ್ಯಾಶ್ ಆಗಿ 2024ರಲ್ಲಿ ಏನಾಯಿತು ಅಂತ ನೆನಪಿದೆಯಾ?

ಇಂಟೆಲ್_ಈರಣ್ಣ
ನೆನಪಿದೆ. ವೋಲ್ಟೇಜ್ ಜಾಸ್ತಿ ಹೋಗುತ್ತಿತ್ತು, ಆಗಸ್ಟ್‌ನಲ್ಲಿ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸಾಫ್ಟ್‌ವೇರ್) ತಿದ್ದುಪಡಿ ಕೊಟ್ಟರು, ವಾರಂಟಿಯನ್ನೂ ಎರಡು ವರ್ಷ ಜಾಸ್ತಿ ಮಾಡಿದರು. ನಾನು ಹೇಳಿದ್ದು 12ನೇ ಪೀಳಿಗೆ. ಅದಕ್ಕೆ ಆ ರೋಗ ಇಲ್ಲ. ಬೇರೆಯವರ ಕಾಯಿಲೆಯನ್ನು ಇದಕ್ಕೆ ಅಂಟಿಸಬೇಡಿ.

ಎಸ್‌ಪಿರೋಡ್_ಸುತ್ತಾಟ
ಇಬ್ಬರೂ ಸರಿ. ಅಂಗಡಿಗೆ ಹೋದ ದಿನ ಪ್ರೊಸೆಸರ್, ಬೋರ್ಡ್ ಎರಡೂ ಸೇರಿ ಯಾವುದು ಕಡಿಮೆಗೆ ಸಿಗುತ್ತದೋ ಅದು. ಆದರೆ ಬಿ450 ತಗೊಂಡರೆ ಬಯೋಸ್ ಹೊಸದಿದೆಯಾ ಕೇಳಿ. ಹಳೆ ಸ್ಟಾಕ್ ಆದರೆ 5600 ಹಾಕಿದಾಗ ಪರದೆಯೇ ಬರಲ್ಲ. ಅಂಗಡಿಯಲ್ಲೇ ಆನ್ ಮಾಡಿಸಿ ತನ್ನಿ.

ಮೆಮೊರಿ_ಮಂಜು
ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ರ‍್ಯಾಮ್ ರೇಟು! 2025ರ ಕೊನೆಯಿಂದ ಎರಡು ಪಟ್ಟಿಗಿಂತ ಜಾಸ್ತಿ ಆಗಿದೆ. ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರೇ ಜಗತ್ತಿನ ಬಹುಪಾಲು ಮೆಮೊರಿ ಚಿಪ್ ಮಾಡುವವರು. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಎಚ್‌ಬಿಎಂ ಮೆಮೊರಿಯಲ್ಲಿ ಲಾಭ ಜಾಸ್ತಿ, ಫ್ಯಾಕ್ಟರಿಗಳು ಆ ಕಡೆ ತಿರುಗಿದವು. ಮೈಕ್ರಾನ್ ಅಂತೂ 2025ರ ಡಿಸೆಂಬರ್‌ನಲ್ಲಿ ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ಮುಚ್ಚುತ್ತೇವೆ ಅಂದುಬಿಟ್ಟಿತು. ಈಗ ಡಿಡಿಆರ್5 ಬೇಕಾಗುವ ಎಎಂಡಿಯ ಹೊಸ ಎಎಂ5 ಸಾಕೆಟ್ ಕಡೆ ಹೋದರೆ ಬಜೆಟ್ ರ‍್ಯಾಮ್‌ಗೇ ಹೋಗುತ್ತದೆ. ಇರುವ 8 ಜಿಬಿ ಡಿಡಿಆರ್4 ಸ್ಟಿಕ್ ಜೋಪಾನ. ಅದರ ಜೊತೆಗೆ ಇನ್ನೊಂದು 8 ಜಿಬಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಡ್ಯುಯಲ್ ಚಾನೆಲ್ ಆಗುತ್ತದೆ (ಎರಡೂ ಒಟ್ಟಿಗೆ ಓಡಿ ವೇಗ ಹೆಚ್ಚುತ್ತದೆ), ತಮ್ಮನ ಎಡಿಟಿಂಗ್‌ಗೂ ಸಾಕು.

ಇಂಟೆಲ್_ಈರಣ್ಣ
ಸ್ಪೀಡ್ ಒಂದೇ ಇರುವ ಸ್ಟಿಕ್ ನೋಡಿ ತಗೊಳ್ಳಿ. ಬೇರೆ ಬೇರೆ ಇದ್ದರೆ ಎರಡೂ ಕಡಿಮೆಯದರ ಲೆಕ್ಕದಲ್ಲೇ ಓಡುತ್ತವೆ.

ಕರೆಂಟು_ಕಿಟ್ಟಿ
ನಾನು ಎಲೆಕ್ಟ್ರಿಷಿಯನ್. ಆಟ ಗೊತ್ತಿಲ್ಲ, ಕರೆಂಟು ಗೊತ್ತು. ಆ 450 ವ್ಯಾಟ್ ಎಸ್‌ಎಂಪಿಎಸ್ ವಿಷಯ ಯಾರೂ ಎತ್ತುತ್ತಿಲ್ಲ. ತುಂಗಾತೀರ ಅವರೇ, ಕ್ಯಾಬಿನೆಟ್‌ನ ಬಾಗಿಲು ತೆಗೆದು ಅದರ ಪಕ್ಕದ ಚೀಟಿ ಓದಿ. ಪ್ಲಸ್ 12 ವೋಲ್ಟ್ ಅನ್ನುವ ಕಡೆ ಎಷ್ಟು ಆಂಪ್ ಅಂತ ಇದೆ ಹೇಳಿ.

ತುಂಗಾತೀರ
ಈಗಷ್ಟೇ ನೋಡಿದೆ. ಪ್ಲಸ್ 12 ವೋಲ್ಟ್, 16 ಆಂಪ್. 80 ಪ್ಲಸ್ (ದಕ್ಷತೆಯ ಗುರುತು) ಅಂತ ಎಲ್ಲೂ ಇಲ್ಲ.

ಕರೆಂಟು_ಕಿಟ್ಟಿ
12 ಗುಣಿಸು 16, 192 ವ್ಯಾಟ್. ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡ್‌ಗೂ ಕರೆಂಟು ಹೋಗೋದು ಆ ಲೈನಿನಲ್ಲೇ. ಉಳಿದದ್ದು 5 ವೋಲ್ಟ್, 3.3 ವೋಲ್ಟ್ ಸೇರಿಸಿ ಬರೆದ ಲೆಕ್ಕ. 1050 ಟಿಐ 75 ವ್ಯಾಟ್ ಮಾತ್ರ ಎಳೆಯುತ್ತದೆ, ಅದಕ್ಕೇ ಇಷ್ಟು ವರ್ಷ ತಡೆದಿದೆ. ಮೊದಲ ಖರ್ಚು ಇದಕ್ಕೇ. ಒಳ್ಳೆ ಕಂಪನಿಯ 550 ವ್ಯಾಟ್, 80 ಪ್ಲಸ್ ಬ್ರಾಂಜ್, ಐದು ವರ್ಷ ವಾರಂಟಿ ಇರೋದು ತಗೊಳ್ಳಿ. ನಮ್ಮ ಕಡೆ ಒಬ್ಬ ಹುಡುಗನ ಮನೆಯಲ್ಲಿ ಇಂಥದ್ದೇ ಡಬ್ಬಿ ಸುಟ್ಟು ಬೋರ್ಡ್, ಹಾರ್ಡ್ ಡಿಸ್ಕ್ ಎರಡೂ ಹೋದವು. ಡಿಸ್ಕ್‌ನಲ್ಲಿ ಅವನ ಅಕ್ಕನ ಮದುವೆ ಫೋಟೋ ಇದ್ದವು.

ಮಲೆನಾಡ_ಮಳೆ
ಕರೆಂಟಿನ ಮಾತು ಬಂತಲ್ಲ, ನಮ್ಮ ಕಡೆಯವರಿಗೆ ಇನ್ನೊಂದು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದ ತಕ್ಷಣ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ನಮ್ಮೂರಲ್ಲಿ ಲ್ಯಾಂಡ್‌ಲೈನ್ ಇದ್ದ ಕಾಲದಲ್ಲಿ ತಾಮ್ರದ ತಂತಿಯಲ್ಲಿ ಸಿಡಿಲು ಬಂದು ಮೋಡೆಮ್, ಅದರಿಂದ ಲ್ಯಾನ್ ಕೇಬಲ್, ಅದರಿಂದ ಬೋರ್ಡ್, ಹೀಗೆ ಸಾಲಾಗಿ ಸುಡುತ್ತಿತ್ತು.

ಹುಬ್ಳಿ_ಗೇಮರ್
ಈಗ ಫೈಬರ್ ಐತಲ್ರಿ, ಗಾಜಿನ ತಂತಿಯಲ್ಲಿ ಕರೆಂಟು ಹೆಂಗ ಬರ್ತದ?

ಮಲೆನಾಡ_ಮಳೆ
ಫೈಬರ್‌ನಲ್ಲಿ ಬರಲ್ಲ, ನಿಜ. ರೂಟರ್‌ನ ಅಡಾಪ್ಟರ್ ಗೋಡೆಯ ಪ್ಲಗ್‌ನಲ್ಲೇ ಇರುತ್ತದಲ್ಲ, ಅಲ್ಲಿಂದ ಬರುತ್ತದೆ. ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಪಿಸಿಗೆ. ಅದಕ್ಕೇ ಎರಡೂ ಕೀಳಬೇಕು. ಮನೆಯ ಅರ್ಥಿಂಗ್ ಕೂಡ ಒಮ್ಮೆ ನೋಡಿಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿರುತ್ತದೆ, ನೀರು ಹಾಕಬೇಕು.

ಕರೆಂಟು_ಕಿಟ್ಟಿ
ನೂರಕ್ಕೆ ನೂರು ಸರಿ.

ಅಚ್ಚುಮೊಳೆ
ನಮ್ಮದು ಡಿಟಿಪಿ ಅಂಗಡಿ. ಆಟದವರ ನಡುವೆ ನಾನೂ ಒಂದು ಮಾತು ಹೇಳಬಹುದಾ?

ನಮ್ಮಲ್ಲಿ ಇವತ್ತಿಗೂ ಒಂದು ಮಷಿನ್ ವಿಂಡೋಸ್ 7ರಲ್ಲಿದೆ. ಪುಟ ಜೋಡಿಸುವ ಪೇಜ್‌ಮೇಕರ್ 7, ನುಡಿ ಫಾಂಟ್. ಲಗ್ನಪತ್ರಿಕೆ, ದೇವಸ್ಥಾನದ ರಶೀದಿ ಪುಸ್ತಕ, ಸಂಘದ ವಾರ್ಷಿಕ ವರದಿ, ಹಳೆ ಗಿರಾಕಿಗಳದ್ದೆಲ್ಲ ಅದರಲ್ಲೇ ಇದೆ. ಪೇಜ್‌ಮೇಕರ್ 2001ರದ್ದು, ಅಡೋಬಿಯವರು ಅದನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು. ಆದರೆ ಪ್ರತಿ ವರ್ಷ ಜಾತ್ರೆ ಬಂದಾಗ ಅದೇ ಫೈಲ್ ತೆಗೆದು ತಾರೀಖು ಬದಲಾಯಿಸಿ ಕೊಡಬೇಕು. 'ಅಪ್‌ಗ್ರೇಡ್ ಮಾಡಿ' ಅನ್ನುವವರಿಗೆ ಇದು ತಿಳಿಯಲ್ಲ. ಕಂಪ್ಯೂಟರ್ ಬದಲಾಯಿಸುವುದು ಒಂದು ದಿನದ ಕೆಲಸ. ಆ ಫೈಲ್‌ಗಳನ್ನು ಬದಲಾಯಿಸುವುದು ವರ್ಷಗಳ ಕೆಲಸ. ಆಸ್ಕಿ ನುಡಿಯಿಂದ ಯೂನಿಕೋಡ್‌ಗೆ ಕನ್ವರ್ಟ್ ಮಾಡಿದರೂ ಸಾಲು ಒಡೆಯುವ ಜಾಗ ಬದಲಾಗುತ್ತದೆ, ಪ್ರತಿ ಪುಟ ಮತ್ತೆ ಕೂತು ನೋಡಬೇಕು.

ಸೈಬರ್_ಕಾವಲು
ಅಕ್ಕ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತಿದೆ. ತುಂಬಾ ಅಪಾಯ.

ಅಚ್ಚುಮೊಳೆ
ಅದಕ್ಕೆ ಇಂಟರ್ನೆಟ್ಟೇ ಕೊಟ್ಟಿಲ್ಲ ತಮ್ಮಾ. ಗಿರಾಕಿಯ ಪೆನ್‌ಡ್ರೈವ್ ಕೂಡ ಮೊದಲು ಇನ್ನೊಂದು ಮಷಿನ್‌ನಲ್ಲಿ ಸ್ಕ್ಯಾನ್ ಆಗಿ, ಬೇಕಾದ ಫೈಲ್ ಮಾತ್ರ ನಮ್ಮ ಪೆನ್‌ಡ್ರೈವ್‌ನಲ್ಲಿ ಹೋಗುತ್ತದೆ. ಫೈಲ್‌ಗಳು ಎರಡು ಬೇರೆ ಡಿಸ್ಕ್‌ನಲ್ಲಿ ಇವೆ. ಎಲ್ಲಾ ಮಷಿನ್‌ಗೂ ನೆಟ್ ಬೇಕೇ ಬೇಕು ಅಂತ ಏನಿಲ್ಲ.

ಸೈಬರ್_ಕಾವಲು
ಹಾಗಿದ್ದರೆ ಸರಿ ಅಕ್ಕ. ಎಷ್ಟೋ ಆಫೀಸ್‌ಗಳಲ್ಲಿ ಇಷ್ಟು ಶಿಸ್ತು ಇಲ್ಲ.

ಪೆಂಗ್ವಿನ್_ಪಾಂಡು
ಅಕ್ಕ, ಹೊಸ ಕೆಲಸಗಳಿಗೆ ಪುಟ ಜೋಡಿಸುವ ಸ್ಕ್ರೈಬಸ್ 1.6 ನೋಡಿ. ಉಚಿತ. ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ.

ಅಚ್ಚುಮೊಳೆ
ನೋಡುತ್ತೇನೆ. ಅಡೋಬಿಯ ಇನ್‌ಡಿಸೈನ್ ತಿಂಗಳ ಬಾಡಿಗೆ ನಮ್ಮಂಥ ಸಣ್ಣ ಅಂಗಡಿಗೆ ಭಾರ. ಮದುವೆ ಸೀಸನ್ ಬಿಟ್ಟರೆ ಕೆಲಸ ಕಡಿಮೆ. ಬಾಡಿಗೆ ಮಾತ್ರ ಆಷಾಢದಲ್ಲೂ ನಿಲ್ಲಲ್ಲ.

ಹಳೇ_ಬೋರ್ಡು
2013ರಲ್ಲಿ ಅಡೋಬಿ ಹೊಸ ಆವೃತ್ತಿಗಳೆಲ್ಲ ಬಾಡಿಗೆಗೆ ಮಾತ್ರ ಅಂತ ಮಾಡಿತು, ಆಮೇಲೆ ಬೇರೆಯವರೂ ಹಿಡಿದರು. ಮೊದಲು ಸಿಡಿ ಕೊಂಡರೆ ಅದು ನಮ್ಮದು. ಈಗ ದುಡ್ಡು ಕಟ್ಟುವುದನ್ನು ನಿಲ್ಲಿಸಿದ ದಿನ ಸಾಫ್ಟ್‌ವೇರೂ ನಿಲ್ಲುತ್ತದೆ.

ಇಂಡಿ_ಗೇಮ್_ಬೆಂಗಳೂರು
ಕೊಳ್ಳುವವರಿಗೆ ಮಾತ್ರ ಅಲ್ಲ, ಆಟ ಮಾಡುವ ನಮಗೂ ಇದೇ ಪಾಡು. 2023ರ ಸೆಪ್ಟೆಂಬರ್‌ನಲ್ಲಿ ಆಟ ಕಟ್ಟುವ ಇಂಜಿನ್ (ಸಾಫ್ಟ್‌ವೇರ್) ಕೊಡುವ ಯೂನಿಟಿ ಕಂಪನಿ, ಆಟ ಒಂದೊಂದು ಸಲ ಇನ್‌ಸ್ಟಾಲ್ ಆದಾಗಲೂ ಫೀ ಕೊಡಬೇಕು ಅಂತ ಘೋಷಿಸಿತು. ಇಷ್ಟು ಆದಾಯ, ಇಷ್ಟು ಇನ್‌ಸ್ಟಾಲ್ ದಾಟಿದ ಮೇಲೆ ಅಂತ ಷರತ್ತು ಇತ್ತು. ಆದರೂ ಆಟ ಅರ್ಧ ಮಾಡಿ ಮುಗಿಸಿದವರಿಗೆ ನಡುದಾರಿಯಲ್ಲಿ ನಿಯಮ ಬದಲಾಯಿತು. ಜಗತ್ತಿನಾದ್ಯಂತ ಗಲಾಟೆ ಆಯಿತು, ಮರು ತಿಂಗಳೇ ಸಿಇಒ ಹೋದರು, ಒಂದು ವರ್ಷದ ಮೇಲೆ ಆ ಫೀಯನ್ನೇ ರದ್ದು ಮಾಡಿದರು. ಅಷ್ಟರಲ್ಲಿ ನಮ್ಮ ಚಿಕ್ಕ ತಂಡ ಗೊಡೋ ಅನ್ನುವ ಉಚಿತ ಇಂಜಿನ್‌ಗೆ ಹೋಗಿತ್ತು. ಅದು ಮುಕ್ತವಾದ ಎಂಐಟಿ ಲೈಸೆನ್ಸ್. ಯಾರೂ ನಾಳೆ ಬಂದು ನಿಯಮ ಬದಲಾಯಿಸಕ್ಕಾಗಲ್ಲ.

ದೊಡ್ಡಪ್ಪ_ದಾವಣಗೆರೆ
ಎಲ್ಲಾ ಓದಿದೆ. 40 ಸಾವಿರ ಆಟಕ್ಕೆ ಹಾಕುವ ಬದಲು ತಮ್ಮನಿಗೆ ಒಂದು ಲ್ಯಾಪ್‌ಟಾಪ್ ಕೊಡಿಸಪ್ಪ. ಓದುವ ಹುಡುಗ. ಆಟದಿಂದ ಯಾರ ಹೊಟ್ಟೆ ತುಂಬಿದೆ?

ಏಸ್_ಕ್ಲಚ್
ದೊಡ್ಡಪ್ಪ, ಅವರು ದುಡಿಯುತ್ತಾರೆ, ಸಂಜೆ ಒಂದು ಗಂಟೆ ಆಡುತ್ತಾರೆ. ಕ್ರಿಕೆಟ್ ನೋಡಲು ದೊಡ್ಡ ಟಿವಿ ತಂದರೆ ಯಾರೂ ಹೀಗೆ ಕೇಳಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾನೂನು ಕೂಡ ದುಡ್ಡು ಕಟ್ಟಿ ಆಡುವುದನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ ಅನ್ನು ಬೇರೆ ಇಟ್ಟು ಮಾನ್ಯ ಮಾಡಿದೆ. ಎರಡನ್ನೂ ಒಂದೇ ಮಾಡಬೇಡಿ.

ದೊಡ್ಡಪ್ಪ_ದಾವಣಗೆರೆ
ದುಡ್ಡು ಕಟ್ಟುವ ಆಟದಿಂದ ನಮ್ಮ ಬೀದಿಯಲ್ಲೇ ಒಂದು ಮನೆ ಹಾಳಾಗಿದೆ ಮಗಾ. ಅದಕ್ಕೆ ಕೇಳಿದೆ. ಇದು ಬೇರೆ ಅಂದರೆ ಸರಿ. ಆದರೂ ತಮ್ಮನ ಓದು ಮೊದಲು.

ತುಂಗಾತೀರ
ನಿಮ್ಮ ಮಾತು ನ್ಯಾಯ ದೊಡ್ಡಪ್ಪ. ತಮ್ಮನಿಗೆ ಹಾಸ್ಟೆಲ್‌ನಲ್ಲಿ ಕಾಲೇಜಿನ ಲ್ಯಾಬ್ ಇದೆ, ರಜೆಗೆ ಬಂದಾಗ ಇದೇ ಪಿಸಿ. ಇಬ್ಬರಿಗೂ ಆಗುವ ಹಾಗೆ ಮಾಡಬೇಕು.

ತಮ್ಮ ಜಿಟಿಎ 6 ಬರುತ್ತೆ, ಅದಕ್ಕೆ ತಕ್ಕಂತೆ ಮಾಡಿಸು ಅನ್ನುತ್ತಿದ್ದಾನೆ. ಅದೂ ಯೋಚಿಸಬೇಕಾ?

ರಾಗಿಮುದ್ದೆ_ರೈಜನ್
ಬೇಡವೇ ಬೇಡ. ಅವರು ಹೇಳಿರೋದು ಪಿಎಸ್5, ಎಕ್ಸ್‌ಬಾಕ್ಸ್‌ಗೆ ಮಾತ್ರ. ಜಿಟಿಎ 5 ಕನ್ಸೋಲ್‌ಗೆ ಬಂದದ್ದು 2013ರ ಸೆಪ್ಟೆಂಬರ್, ಪಿಸಿಗೆ 2015ರ ಏಪ್ರಿಲ್. ಇನ್ನೂ ಬರದ ಆಟಕ್ಕೆ ಇವತ್ತು ಕಾರ್ಡ್ ಕೊಂಡರೆ ದುಡ್ಡು ಸುಮ್ನೆ ಕೂತಿರುತ್ತದೆ.

ಡಿಸ್ಕ್_ಬೇಕು
ಕೊಂಡ ಆಟ ಉಳಿಯುತ್ತದೆ ಅನ್ನುವ ಖಾತ್ರಿಯಾದರೂ ಎಲ್ಲಿದೆ? ಯೂಬಿಸಾಫ್ಟ್‌ನ 'ದಿ ಕ್ರೂ' ಕಾರ್ ಆಟ ನೆನಪಿದೆಯಾ? 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು. ಒಬ್ಬರೇ ಆಡುವ ಭಾಗಕ್ಕೂ ಸರ್ವರ್ ಬೇಕಿತ್ತು, ಪೂರ್ತಿ ಸತ್ತುಹೋಯಿತು. ಆಮೇಲೆ ಜನರ ಅಕೌಂಟ್‌ನಿಂದ ಲೈಸೆನ್ಸ್ ಕೂಡ ತೆಗೆದರು. ಅದರಿಂದಲೇ ಯುರೋಪಿನಲ್ಲಿ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಎದ್ದದ್ದು, 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿ ದಾಟಿತು. ಸ್ಟೀಮ್‌ನಲ್ಲಿ ಈಗ ದುಡ್ಡು ಕಟ್ಟುವ ಮುಂಚೆ 'ಇದು ಲೈಸೆನ್ಸ್ ಮಾತ್ರ' ಅಂತ ತೋರಿಸುತ್ತಾರೆ. ನಾನು ಸಾಧ್ಯವಾದಷ್ಟು ಲಾಕ್ ಇಲ್ಲದ ಆಟ ಮಾರುವ ಜಿಒಜಿಯಲ್ಲೇ ಕೊಳ್ಳುತ್ತೇನೆ. ಇನ್‌ಸ್ಟಾಲರ್ ಇಳಿಸಿ ಡಿಸ್ಕ್‌ನಲ್ಲಿ ಇಟ್ಟರೆ ಅದು ನಮ್ಮ ಹತ್ತಿರವೇ ಇರುತ್ತದೆ.

ಏಸ್_ಕ್ಲಚ್
ಆನ್‌ಲೈನ್ ಆಟಗಳಿಗೆ ಸರ್ವರ್ ಸದಾ ಓಡಿಸಿ ಅಂದರೆ ಆಗುತ್ತಾ? ಅದಕ್ಕೂ ಖರ್ಚು ಇದೆ.

ಡಿಸ್ಕ್_ಬೇಕು
ಸದಾ ಓಡಿಸಿ ಅಂತ ಯಾರೂ ಕೇಳುತ್ತಿಲ್ಲ. ಮುಚ್ಚುವಾಗ ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಅಂತ ಕೇಳುತ್ತಿದ್ದಾರೆ. ಹಳೆ ಕೌಂಟರ್ ಸ್ಟ್ರೈಕ್ 1.6 ನೋಡಿ. ಸೈಬರ್ ಕೆಫೆಗಳಲ್ಲಿ ಹತ್ತು ಮಷಿನ್ ಲ್ಯಾನ್‌ಗೆ ಸಿಕ್ಕಿಸಿ ಆಡುತ್ತಿದ್ದೆವಲ್ಲ, ಇವತ್ತಿಗೂ ಹಾಗೇ ಆಡಬಹುದು. ಸರ್ವರ್ ನಮ್ಮದೇ.

ಶಾರ್ಜಾ_ಕನ್ನಡಿಗ
ನಾನು ಮುಂದಿನ ತಿಂಗಳು ಊರಿಗೆ ಬರುತ್ತೇನೆ, ಗ್ರಾಫಿಕ್ಸ್ ಕಾರ್ಡ್ ತರಿಸಿಕೊಳ್ಳುವವರು ಕೇಳುತ್ತಿರುತ್ತಾರೆ. ಒಂದು ಎಚ್ಚರ: ಎಷ್ಟೋ ಬ್ರ್ಯಾಂಡ್‌ಗಳ ವಾರಂಟಿ ಕೊಂಡ ದೇಶಕ್ಕೆ ಮಾತ್ರ. ಊರಲ್ಲಿ ಕೆಟ್ಟರೆ ಮತ್ತೆ ಇಲ್ಲಿಗೆ ಹೊತ್ತು ತರಬೇಕು. ಉಳಿತಾಯ ಎಷ್ಟಾಗುತ್ತದೆ ನೋಡಿ ತೀರ್ಮಾನ ಮಾಡಿ.

ಎಸ್‌ಪಿರೋಡ್_ಸುತ್ತಾಟ
ಬಿಲ್ ವಿಷಯದಲ್ಲೂ ಅಷ್ಟೇ. 'ಜಿಎಸ್‌ಟಿ ಬಿಲ್ ಬೇಡ ಅಂದರೆ ಕಡಿಮೆ ಮಾಡಿಕೊಡುತ್ತೇನೆ' ಅನ್ನುತ್ತಾರೆ. 18% ಉಳಿಯಿತು ಅಂತ ಖುಷಿ ಪಡಬೇಡಿ, ವಾರಂಟಿ ಕೇಳಲು ಹೋದಾಗ ಮೊದಲು ಕೇಳೋದೇ ಬಿಲ್. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಆದರೆ ಹೀಗೆ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್‌ನಿಂದ ಇಥೀರಿಯಂ ಅನ್ನುವ ಡಿಜಿಟಲ್ ಹಣ ಗಳಿಸುವ ಮೈನಿಂಗ್ ನಿಂತ ಮೇಲೆ ರಾಶಿ ರಾಶಿ ಕಾರ್ಡ್ ಮಾರುಕಟ್ಟೆಗೆ ಬಂದವು, ಅವು ಇನ್ನೂ ಕೈ ಬದಲಾಯಿಸುತ್ತಿವೆ. ಸ್ಕ್ರೂ ಮೇಲಿನ ಸ್ಟಿಕರ್ ಹರಿದಿದೆಯಾ, ಫ್ಯಾನ್ ಕೈಯಿಂದ ಅಲ್ಲಾಡಿಸಿದರೆ ಸಡಿಲ ಇದೆಯಾ, ಬೋರ್ಡ್ ಅಂಚಿನಲ್ಲಿ ಎಣ್ಣೆ ಜಿಡ್ಡು ಕಾಣುತ್ತದಾ ನೋಡಿ. ಆ ಜಿಡ್ಡು ಥರ್ಮಲ್ ಪ್ಯಾಡ್ ಬಿಸಿಗೆ ಬಿಟ್ಟದ್ದು. ಆಮೇಲೆ ಹದಿನೈದು ನಿಮಿಷ ಕಾರ್ಡ್‌ಗೆ ಪೂರ್ತಿ ಭಾರ ಹಾಕುವ ಫರ್‌ಮಾರ್ಕ್ ಟೆಸ್ಟ್ ಓಡಿಸಿ, ನಿಂತು ನೋಡಿ. ಚಹಾಕ್ಕೆ ಹೋಗಬೇಡಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ವಾರದ ದಿನ ಬನ್ನಿ.

ಮೆಮೊರಿ_ಮಂಜು
ಕಾರ್ಡ್ ಮುಂದೆ ತಗೊಳ್ಳುವುದಾದರೆ ಆರ್‌ಎಕ್ಸ್ 6600 ಒಳ್ಳೆಯದು. 8 ಜಿಬಿ, 132 ವ್ಯಾಟ್, ಕಿಟ್ಟಿಯವರು ಹೇಳಿದ ಎಸ್‌ಎಂಪಿಎಸ್‌ಗೆ ಆರಾಮ. ಅಗ್ಗ ಅಂತ 6500 ಎಕ್ಸ್‌ಟಿ ಕಡೆ ಹೋಗಬೇಡಿ. ಬೋರ್ಡ್ ಜೊತೆ ಮಾತಾಡುವ ಪಿಸಿಐಇ ದಾರಿ ನಾಲ್ಕೇ ಲೇನ್, ವಿಡಿಯೋ ಎನ್‌ಕೋಡರ್ ಇಲ್ಲ. ತಮ್ಮನ ಎಡಿಟಿಂಗ್‌ಗೆ ಪೆಟ್ಟು.

ತುಂಗಾತೀರ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೀಗೆ ಮಾಡೋಣ ಅಂದುಕೊಂಡಿದ್ದೇನೆ. ಇಎಸ್‌ಯು ನೋಂದಣಿ ಆಯಿತು, ದುಡ್ಡು ಕೊಡಬೇಕಾಗಲಿಲ್ಲ. ಈ ತಿಂಗಳು ಎಸ್‌ಎಂಪಿಎಸ್, 500 ಜಿಬಿ ಎಸ್‌ಎಸ್‌ಡಿ. ಆಮೇಲೆ 5600 ಇಲ್ಲವೇ 12400ಎಫ್, ಬೋರ್ಡ್ ಸೇರಿ ಯಾವುದು ಕಡಿಮೆಯೋ ಅದು. ಹಳೆ ರ‍್ಯಾಮ್ ಜೊತೆ ಇನ್ನೊಂದು 8 ಜಿಬಿ ಸ್ಟಿಕ್. ದುಡ್ಡು ಉಳಿದರೆ ಮಾತ್ರ ಕಾರ್ಡ್. 1050 ಟಿಐಗೆ ಸೆಕ್ಯೂರಿಟಿ ಅಪ್‌ಡೇಟ್ 2028ರ ಅಕ್ಟೋಬರ್‌ವರೆಗೂ ಇದೆಯಂತೆ, ನಮ್ಮ ಎರಡು ಆಟಕ್ಕೆ ಸಾಕು.

ಒಂದು ಪ್ರಶ್ನೆ ಉಳಿಯಿತು. ಬೋರ್ಡ್ ಬದಲಾದರೆ ನನ್ನ ವಿಂಡೋಸ್ ಲೈಸೆನ್ಸ್?

ಸೈಬರ್_ಕಾವಲು
ಬಿಡಿಯಾಗಿ ಕೊಂಡ ರೀಟೇಲ್ ಲೈಸೆನ್ಸ್ ಆದರೆ ಹೊಸ ಬೋರ್ಡ್‌ಗೆ ತರಬಹುದು. ಪಿಸಿ ಜೊತೆ ಬಂದ ಓಇಎಂ ಆದರೆ ಹಳೆ ಬೋರ್ಡ್ ಜೊತೆಗೇ ಹೋಗುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಲ್‌ಎಂಜಿಆರ್ ಟೈಪ್ ಮಾಡಿ, ಜಾಗ ಬಿಟ್ಟು ಸ್ಲ್ಯಾಶ್ ಡಿಎಲ್‌ಐ ಕೊಡಿ (slmgr /dli). ಯಾವ ಚಾನೆಲ್ ಅಂತ ತೋರಿಸುತ್ತದೆ. ಕೆಲವು ನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗುವ ಕೀಗಳಿಗೆ ಕೈ ಹಾಕಬೇಡಿ, ಯಾವಾಗ ರದ್ದಾಗುತ್ತವೋ ಹೇಳಕ್ಕಾಗಲ್ಲ.

ತುಂಗಾತೀರ
ನೋಡಿದೆ, ರೀಟೇಲ್ ಅಂತ ಬಂತು!

ಹಳೇ_ಬೋರ್ಡು
ಹಾಗಾದರೆ ಆ ಎಚ್110 ಬೋರ್ಡ್, 7400 ಬಿಸಾಕಬೇಡಿ. ಲಿನಕ್ಸ್ ಹಾಕಿ ಅಪ್ಪನ ಬ್ಯಾಂಕ್ ಕೆಲಸಕ್ಕೆ ಬೇರೆ ಇಡಿ, 7400ರಲ್ಲಿ ಒಳಗೇ ಗ್ರಾಫಿಕ್ಸ್ ಇದೆ. ರ‍್ಯಾಮ್ ಒಂದು 4 ಜಿಬಿ ಹಳೆಯದು ನನ್ನ ಹತ್ತಿರ ಇದೆ, ಶಿವಮೊಗ್ಗಕ್ಕೆ ಬಂದರೆ ತಗೊಂಡು ಹೋಗಿ.

ಪೆಂಗ್ವಿನ್_ಪಾಂಡು
ಹಾಕಿಕೊಡುವುದಕ್ಕೆ ನಾನಿದ್ದೇನೆ, ಮೆಸೇಜ್ ಮಾಡಿ.